ಮೂರು ಪೆಟ್ಟಿನ ಕರಾರು

ಪುಸ್ತಕ ಓದಿದವರು ಒಳ್ಳೆಯವರಾಗುತ್ತಾರೆ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಾನು ಪುಸ್ತಕ ಓದಿದವಳು. ಬರೀ ಓದಿದವಳಲ್ಲ, ಒಂದು ಪುಸ್ತಕವನ್ನು ಹುಚ್ಚು ಹಿಡಿದವರ ಹಾಗೆ ಪ್ರೀತಿಸಿದವಳು. ಅದರಿಂದ ನಮ್ಮ ಮನೆಗೆ ಏನು ಒಳ್ಳೆಯದಾಯಿತು ಎಂದು ಕೇಳಿದರೆ ನಾನು ಈ ಕಥೆ ಹೇಳಬೇಕಾಗುತ್ತದೆ.

ಎಂಬತ್ತರ ದಶಕದ ಮಾತು. ನಮ್ಮೂರು ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ ಇತ್ತು. ಎತ್ತ ನೋಡಿದರೂ ಎರೆ ಹೊಲ, ಹತ್ತಿ, ಕಡಲೆ. ನಮ್ಮ ಕಾಕಾ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಶನಿವಾರ ರೈಲಿನಲ್ಲಿ ಯಾರೋ ಮರೆತುಹೋದ ಪುಸ್ತಕವೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, "ಇಂಗ್ಲೀಷ ಐತಿ. ನಿನಗ ಬ್ಯಾಡಾದ್ರ ನಿಮ್ಮವ್ವಗ ಕೊಡು, ಒಲಿ ಹಚ್ಚಾಕ ಆಕ್ಕೈತಿ" ಎಂದ. ಅವ್ವನಿಗೆ ಕೊಡುವ ಮಾತೇ ಇರಲಿಲ್ಲ. ಮೇಲಿನ ಚಿತ್ರ ನೋಡಿದ ಕೂಡಲೇ ಅದು ನನ್ನದಾಗಿತ್ತು: ಒಂದು ಕೆರೆ, ಕೆರೆಯ ನಡುವೆ ಎದೆಮಟ್ಟ ನೀರಿನಿಂದ ಎದ್ದು ನಿಂತ ಹೆಂಗಸು, ಅವಳ ಹಿಂದೆ ಕೆಂಪು ಕಿವಿಯ ಬಿಳಿ ಆಕಳುಗಳ ಸಾಲು.

ನಾನಾಗ ಒಂಬತ್ತನೇ ಇಯತ್ತೆ. ಇಂಗ್ಲಿಷ್ ಎಂದರೆ ಪಾಠದ ಪುಸ್ತಕದ ಪ್ರಶ್ನೋತ್ತರ ಬಾಯಿಪಾಠ ಮಾಡುವುದು, ಅಷ್ಟೇ. ಈ ಪುಸ್ತಕದ ಮೊದಲ ಪುಟ ಓದಲು ನನಗೆ ನಾಲ್ಕು ದಿನ ಹಿಡಿಯಿತು. ಹೈಸ್ಕೂಲಿನಲ್ಲಿ ಡಿಕ್ಷನರಿ ಇದ್ದದ್ದು ಒಂದೇ, ಅದೂ ಹೆಡ್‌ಮಾಸ್ತರರ ಖೋಲಿಯ ಕಪಾಟಿನಲ್ಲಿ. ಅರ್ಥವಾಗದ ಶಬ್ದಗಳನ್ನು ಮನೆಯಲ್ಲಿ ಬರೆದುಕೊಂಡು ಹೋಗಿ, ಮಧ್ಯಾಹ್ನದ ಸೂಟಿಯಲ್ಲಿ ರೊಟ್ಟಿ ಬಿಟ್ಟು ಆ ಕಪಾಟಿನ ಮುಂದೆ ನಿಂತು ಅರ್ಥ ಹುಡುಕುತ್ತಿದ್ದೆ. ಇಂಗ್ಲಿಷಿನ ಸರ್ ಒಂದು ದಿನ ಪುಸ್ತಕ ತಿರುವಿ ನೋಡಿ, "ಇದು ವೇಲ್ಸ್ ದೇಶದ ಹಳೇ ಕಥಿ ಮ್ಯಾಲೆ ಬರದದ್ದು, ಸಣ್ಣ ಹುಡುಗರ ಸಲುವಾಗಿ" ಎಂದರು. ನಕಾಶೆಯಲ್ಲಿ ಆ ದೇಶ ತೋರಿಸಿದರು, ಶೇಂಗಾ ಬೀಜದಷ್ಟಿತ್ತು. ಅಲ್ಲಿನ ಹೆಸರುಗಳನ್ನು ಉಚ್ಚರಿಸಲು ಅವರಿಗೂ ಬರಲಿಲ್ಲ. ನಾನು ಹೆಸರುಗಳನ್ನೆಲ್ಲ ಬಿಟ್ಟು ಕೆರೆಯಾಕೆ, ಕೆರೆಯಾಕೆಯ ಮಗಳು, ಗುಡ್ಡದವನು ಎಂದು ನನ್ನದೇ ಹೆಸರಿಟ್ಟುಕೊಂಡೆ. ಒಂದು ಹತ್ತಿ ಸುಗ್ಗಿಯಲ್ಲಿ ಹಿಡಿದ ಪುಸ್ತಕ ಮುಂದಿನ ಸುಗ್ಗಿಗೆ ಮುಗಿಯಿತು. ಮುಗಿದ ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಕಥೆ ಇಷ್ಟು. ಗುಡ್ಡದ ಕೆಳಗೆ ದನ ಕಾಯುವವನೊಬ್ಬ. ಕೆರೆಯ ನೀರಿನ ಮೇಲೆ ಕುಳಿತು ತಲೆ ಬಾಚಿಕೊಳ್ಳುವ ಹೆಂಗಸನ್ನು ಕಂಡು ಮರುಳಾಗುತ್ತಾನೆ. ಅವಳು ಅವನನ್ನು ಒಪ್ಪುತ್ತಾಳೆ. ಕೆರೆಯೊಳಗಿನ ಅವಳ ಅಪ್ಪ, ಒಂದೇ ಉಸಿರಿನಲ್ಲಿ ಎಷ್ಟು ದನ ಎಣಿಸುತ್ತೀಯೋ ಅಷ್ಟೂ ನಿನ್ನವು ಎಂದು ಮಗಳಿಗೆ ಹೇಳುತ್ತಾನೆ. ಆದರೆ ಗಂಡನಿಗೆ ಒಂದು ಕರಾರು: ನನ್ನ ಮಗಳಿಗೆ ಮೂರು ಪೆಟ್ಟು ಕೊಟ್ಟೆಯೋ, ಮೂರನೆಯದು ಬಿದ್ದ ಗಳಿಗೆಯೇ ಅವಳು ದನಕರುಗಳ ಸಮೇತ ಕೆರೆಗೆ ಮರಳುತ್ತಾಳೆ. ಗಂಡ ಒಳ್ಳೆಯವನೇ. ಆದರೂ ಮೂರು ಪೆಟ್ಟು ಬೀಳುತ್ತವೆ. ಹೆಂಡತಿ ಎದ್ದು ಹೋಗುತ್ತಾಳೆ. ಅವಳನ್ನು ಹುಡುಕಿಕೊಂಡು ನನ್ನಷ್ಟೇ ವಯಸ್ಸಿನ ಮಗಳು ಕೆರೆಗೆ ಇಳಿಯುತ್ತಾಳೆ. ಅಲ್ಲಿಂದ ಮುಂದೆ ಇನ್ನೂರು ಪುಟ ನೀರಿನೊಳಗಿನ ಪ್ರಪಂಚ. ಕಡಿದಿಟ್ಟರೂ ಹರಟೆ ಹೊಡೆಯುವ ರಾಜನ ತಲೆ, ಸತ್ತವರನ್ನು ಹಾಕಿದರೆ ಎದ್ದು ಬರುವ ಆದರೆ ಮಾತು ಮರಳಿ ಬಾರದ ಕೊಪ್ಪರಿಗೆ, ಏನೇನೋ.

ನಮ್ಮ ಕಡೆ ಬಾವಿ ತೋಡಿದರೆ ಸವಳು ನೀರು. ಕುಡಿಯುವುದಕ್ಕೆ ಕೆರೆಯೇ ಗತಿ. ಕೆರೆಗೆ ಹೋಗುವವರು ಚಪ್ಪಲಿಯನ್ನು ದಂಡೆಯ ಆಚೆಗೇ ಬಿಡುತ್ತಿದ್ದರು, ಅಲ್ಲಿ ಯಾರೂ ಕಾಲು ತೊಳೆಯುತ್ತಿರಲಿಲ್ಲ. ಹೀಗಾಗಿ ಕೆರೆಯೊಳಗೆ ಯಾರೋ ಇದ್ದಾರೆ ಎನ್ನುವುದು ನನಗೆ ಹೊಸ ಸುದ್ದಿಯೇನಲ್ಲ. ಇಷ್ಟು ದಿನ ಅವರ ಮನೆತನದ ವಿಷಯ ಗೊತ್ತಿರಲಿಲ್ಲ, ಅಷ್ಟೇ. ಕೊಡ ಮುಳುಗಿಸುವಾಗ ನೀರಿನೊಳಕ್ಕೆ ಇಣುಕಿ, ಅಲ್ಲಿನ ಆಕಳುಗಳಿಗೂ ಕಿವಿ ಕೆಂಪಗಿರಬಹುದೇ ಎಂದು ನೋಡುತ್ತಿದ್ದೆ. ಅಷ್ಟು ಸುಖವಾಗಿದ್ದ ಕಾಲ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ.

ಆ ಸಮಯಕ್ಕೆ ಅಕ್ಕ ತವರಿಗೆ ಬಂದಳು. ಕುಂದಗೋಳ ಕಡೆಯ ಊರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಕೈಯಲ್ಲೊಂದು ಗಂಟು ಹಿಡಿದು ಬಸ್ಸಿಳಿದು ಬಂದಳು. ತೋಳು ಎತ್ತಲು ಬರುತ್ತಿರಲಿಲ್ಲ. ಅವ್ವ ಎಣ್ಣೆ ಕಾಸಿ ತಿಕ್ಕಿದಳು, ಏನೂ ಕೇಳಲಿಲ್ಲ. ಕೇಳುವುದೇನಿದೆ, ಎಲ್ಲರಿಗೂ ಗೊತ್ತಿತ್ತು. ಅಕ್ಕನ ಗಂಡ ನನ್ನ ಪಾಲಿಗೆ ನಗುನಗುತ್ತ ಮಾತಾಡುವ ಮಾವ. ಬಂದಾಗಲೆಲ್ಲ ನನಗೆ ಚುರಮರಿ, ಖಾರಾ ಕಟ್ಟಿಸಿಕೊಂಡು ಬರುತ್ತಿದ್ದ. ಅದೇ ಕೈ ಅಕ್ಕನ ಮೇಲೂ ಏಳುತ್ತಿತ್ತು.

ಅಕ್ಕ ಎರಡು ತಿಂಗಳು ಇದ್ದಳು. ದಿನಾ ಸಂಜೆ ಇಬ್ಬರೂ ಕೆರೆಗೆ ಹೋಗುತ್ತಿದ್ದೆವು, ದಾರಿಯಲ್ಲಿ ನಾನು ಪುಸ್ತಕದ ಕಥೆ ಹೇಳುತ್ತಿದ್ದೆ. ಅಕ್ಕ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಕಥೆ ಕೇಳುವುದರಲ್ಲಿ ಅವಳಂಥ ಜಾಣೆಯನ್ನು ನಾನು ಮುಂದೆ ಯಾವ ಕಾಲೇಜಿನಲ್ಲೂ ಕಾಣಲಿಲ್ಲ. ದನ ಕಾಯುವವನು ಮೊದಲ ದಿನ ಗಟ್ಟಿ ರೊಟ್ಟಿ ಕೊಟ್ಟದ್ದಕ್ಕೆ ಕೆರೆಯಾಕೆ ನಕ್ಕು ಮುಳುಗಿಬಿಟ್ಟಳು ಎಂದರೆ, "ಖಡಕ್ ರೊಟ್ಟಿ ಒಲ್ಲೆ ಅಂದ್ಲಾ? ನಮ್ಮ ಕಡೆ ಹೆಣ್ಣಲ್ಲ ಬಿಡು ಆಕಿ" ಎನ್ನುತ್ತಿದ್ದಳು. ಹಾದಿಯಲ್ಲಿ ದನದ ಹಿಂಡು ಎದುರಾದರೆ ಕೊಡ ಕೆಳಗಿಟ್ಟು, ಒಂದೇ ಉಸಿರಿನಲ್ಲಿ ಎಣಿಸಲು ಹೋಗಿ ಕೆಮ್ಮುತ್ತ ನಗುತ್ತಿದ್ದಳು.

ಮೂರು ಪೆಟ್ಟಿನ ಭಾಗವನ್ನು ಅವಳು ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಪುಸ್ತಕದಲ್ಲಿ ಅವು ಪೆಟ್ಟೇ ಅಲ್ಲ. ಮೊದಲನೆಯದು, ಕುದುರೆ ತರಲು ತಡಮಾಡಿದಳೆಂದು ಗಂಡ ಕೈಗವಸಿನಿಂದ ತಮಾಷೆಗೆ ತಟ್ಟಿದ್ದು. ಎರಡನೆಯದು, ಯಾರದೋ ಲಗ್ನದಲ್ಲಿ ಅವಳು ಅಳುತ್ತ ನಿಂತಾಗ ಸುಮ್ಮನಿರು ಎಂದು ಹೆಗಲು ಮುಟ್ಟಿದ್ದು. ಮೂರನೆಯದು, ಸತ್ತವರ ಮನೆಯಲ್ಲಿ ಅವಳು ನಕ್ಕಾಗ ತೋಳು ಹಿಡಿದದ್ದು. ಅಷ್ಟಕ್ಕೇ ಅವಳು ಹೊರಬಿದ್ದು, ತನ್ನ ದನಗಳನ್ನು ಹೆಸರು ಹಿಡಿದು ಕರೆಯುತ್ತ ನಡೆದಳು. ಉಳುತ್ತಿದ್ದ ಎತ್ತುಗಳು ನೇಗಿಲು ಎಳೆದುಕೊಂಡೇ ಅವಳ ಹಿಂದೆ ಕೆರೆಗೆ ಇಳಿದವು.

"ಲಗ್ನದಾಗ ಅತ್ತಿದ್ದು ಬರೋಬ್ಬರಿ ಐತಿ" ಎಂದಳು ಅಕ್ಕ. ಸ್ವಲ್ಪ ದೂರ ನಡೆದು, "ಬರೇ ಮುಟ್ಟಿದ್ದಕ್ಕ ಪೆಟ್ಟು ಅಂತ ಹಿಡದ್ರಾ?" ಎಂದು ಕೇಳಿದಳು.

"ಹೂಂ."

"ಮೂರಕ್ಕ ಮುಗೀತಾ?"

"ಮುಗೀತು."

ಅಕ್ಕ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದೆ ನಡೆದಳು.

ಗಂಡನ ಮನೆಯವರು ಕರೆಯಲು ಬಂದರು. ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಮಾವ, ಅವನ ದೊಡ್ಡಪ್ಪ, ನಮ್ಮಪ್ಪ, ಊರಿನ ನಾಲ್ಕು ಜನ, ಅವರ ನಡುವೆ ಪುರಾಣದಜ್ಜ. ಈ ಅಜ್ಜ ಪ್ರತಿ ಶ್ರಾವಣದಲ್ಲಿ ಮಠದಲ್ಲಿ ತಿಂಗಳಿಡೀ ಪುರಾಣ ಓದುವವರು. ಊರಲ್ಲಿ ಅವರ ಮಾತನ್ನು ತೆಗೆದುಹಾಕುವವರು ಇರಲಿಲ್ಲ. ಹೆಂಗಸರು ಒಳಬಾಗಿಲಲ್ಲಿ ನಿಂತಿದ್ದೆವು. ಕಳಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ಅಪ್ಪ ಕಲ್ಲುಮನಸ್ಸಿನವನಲ್ಲ. ಆದರೆ, "ಆಕಿ ಬೆನ್ನಿಗೆ ಇನ್ನೊಬ್ಬಾಕಿ ಅದಾಳ. ಗಂಡನ ಬಿಟ್ಟಾಕಿ ಮನ್ಯಾಗ ಕುಂತ್ರ ಇಕಿನ ಯಾರು ಕೇಳ್ತಾರ?" ಎಂದು ಅವ್ವನ ಹತ್ತಿರ ಹೇಳುವುದನ್ನು ನಾನೇ ಕೇಳಿದ್ದೆ. ಆ ಇನ್ನೊಬ್ಬಾಕಿ ನಾನು.

ಎಲ್ಲ ಮುಗಿದು ಎಲೆ ಅಡಿಕೆಗೆ ಕೈ ಹೋಗುವಾಗ ಅಕ್ಕ ಹೊಸ್ತಿಲ ಮೇಲೆ ಬಂದು ನಿಂತಳು. "ಹೋಗ್ತೇನ್ರಿ ಅಜ್ಜಾರ. ಒಂದ ಮಾತು ಐತ್ರಿ. ಇನ್ನ ಮೂರು ಸಲ ತಡಕೋತೀನಿ. ಮೂರನೇ ಪೆಟ್ಟಿಗೆ ಬಂದೆ ಅಂದ್ರ, ತವರಿಂದ ಕೊಟ್ಟ ನನ್ನ ಎಮ್ಮಿ ಹೊಡಕೊಂಡು ಬರಾಕಿ. ಆಮ್ಯಾಲೆ ಯಾರೂ ಹೋಗು ಅನಬಾರದ್ರಿ."

"ಇದೆಲ್ಲಿ ಕಲತಿ ಬೇ?" ಎಂದ ಮಾವನ ದೊಡ್ಡಪ್ಪ.

"ತಂಗಿ ಪುಸ್ತಕದಾಗ ಐತ್ರಿ."

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಮಾವನೂ ನಕ್ಕ. ನಗದೆ ಇದ್ದವರು ಪುರಾಣದಜ್ಜ ಒಬ್ಬರೇ. ಪುಸ್ತಕ ತರಿಸಿಕೊಂಡು, ಕಥೆ ಏನೆಂದು ಕೇಳಿದರು. ನಾನು ನಾಲ್ಕು ಮಾತಿನಲ್ಲಿ ಹೇಳಿದೆ. ಅಜ್ಜ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. "ನಗಬ್ಯಾಡ್ರಿ. ಪುರಾಣದಾಗೂ ಇಂಥಾ ಕರಾರು ಅದಾವು. ಶರತ್ ಹಾಕಿ ಬಂದ ಹೆಣ್ಣು, ಶರತ್ ಮುರದ್ರ ತಿರುಗಿ ಹೋಗತಾಳ. ಏನ ತಪ್ಪೈತಿ?"

"ಬರದು ಇಡೂಣೇನ್ರಿ?" ಎಂದು ಯಾರೋ ಕೇಳಿದರು.

"ಬರಿಯೂದ್ಯಾಕ? ಬರದದ್ದು ಇಲ್ಲೇ ಐತಲ್ಲ. ಪುಸ್ತಕದಾಗ ಹೆಂಗೈತಿ ಹಂಗ."

ಮಾವ ಇನ್ನೂ ನಗುತ್ತಲೇ ವಿಭೂತಿ ಗಟ್ಟಿ ಮುಟ್ಟಿ ಆಣೆ ಮಾಡಿದ. ಹೀಗೆ ಯಾವುದೋ ದೇಶದ ಮಕ್ಕಳ ಕಥೆ ನಮ್ಮ ಮನೆಯ ಕಾಗದಪತ್ರವಾಯಿತು. ಅಂಥ ಪುಸ್ತಕ ಎಲ್ಲೆಂದರಲ್ಲಿ ಬೀಳಬಾರದೆಂದು ಅಜ್ಜ ಹೇಳಿದ್ದಕ್ಕೆ ಅವ್ವ ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮಾಡದಲ್ಲಿ ಇಟ್ಟಳು. ಅವತ್ತಿನಿಂದ ಜಳಕ ಮಾಡದೆ ಅದನ್ನು ಮುಟ್ಟುವ ಹಾಗಿರಲಿಲ್ಲ. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಸುಳ್ಳೇಕೆ, ಹೆಮ್ಮೆಯೇ ಹೆಚ್ಚು.

ಪಂಚಮಿಗೆ ಬಂದಾಗ ಅಕ್ಕ ಉಂಡಿ ಕಟ್ಟುತ್ತ ನನ್ನ ಕಿವಿಯಲ್ಲಿ, "ಒಂದಾತು" ಎಂದಳು. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತಂತೆ. ದೀಪಾವಳಿಗೆ, "ಎರಡಾತು." ಮಾವನ ಗೆಳೆಯರು ಬಂದಾಗ ಒಳಗೆ ಗಟ್ಟಿಯಾಗಿ ನಕ್ಕಿದ್ದಳಂತೆ. ನಡುವೆ ಬಿದ್ದ ಸಣ್ಣಪುಟ್ಟವನ್ನು ಅವಳು ಎಣಿಕೆಗೇ ಹಿಡಿದಿರಲಿಲ್ಲ. ಕರಾರು ಮಾಡಿಕೊಂಡವಳು ಅವಳಾದರೂ ಬಿಟ್ಟುಕೊಡುವ ಗುಣ ಹೋಗಿರಲಿಲ್ಲ. ಆ ಚಳಿಗಾಲವೆಲ್ಲ ನಾನು ಏನು ಮಾಡುತ್ತಿದ್ದೆ ಎಂದು ಈಗ ಹೇಳಲೇಬೇಕು. ಮೂರನೆಯ ಪೆಟ್ಟಿಗಾಗಿ ಕಾಯುತ್ತಿದ್ದೆ. ಇನ್ನೊಂದು ಬಿದ್ದರೆ ಅಕ್ಕ ಬರುತ್ತಾಳೆ, ಮತ್ತೆ ಕೆರೆಯ ಹಾದಿಯಲ್ಲಿ ಕಥೆ ಹೇಳಬಹುದು ಎಂದು. ಒಡಹುಟ್ಟಿದವಳಿಗೆ ಪೆಟ್ಟು ಬೀಳಲಿ ಎಂದು ದೇವರ ಮಾಡದ ಮುಂದೆ ಕೈ ಮುಗಿದವಳು ನಾನು.

ಹತ್ತಿ ಬಿಡಿಸುವ ದಿನಗಳಲ್ಲಿ ಅಕ್ಕ ಬಂದಳು. ಎಡಗಣ್ಣಿನ ಕೆಳಗೆ ಊದಿ ನೀಲಿಗಟ್ಟಿತ್ತು. ಹುಬ್ಬಳ್ಳಿ ಪೇಟೆಗೆ ಹತ್ತಿ ಒಯ್ದ ಮಾವ, ತೂಕದಲ್ಲಿ ಮೋಸಹೋಗಿ ಬಂದಿದ್ದ. ಅದು ಗೊತ್ತಿಲ್ಲದೆ ಅಕ್ಕ ಬಾಗಿಲಲ್ಲೇ, ತೂಕ ಎಷ್ಟು ಬಂತು ಎಂದು ಕೇಳಿದ್ದಳು. ಬಾರಕೋಲಿನ ಹಿಡಿಕೆ ಮುಖಕ್ಕೆ ಬಂತು.

"ಎಮ್ಮಿ ಎಲ್ಲಿ ಅಕ್ಕಾ?" ಎಂದೆ.

"ಕರದೆ ಬೇ. ಗ್ವಾದಲಿ ಮೇವು ಬಿಟ್ಟು ಮಾರಿ ಎತ್ತಿ ಸುದ್ದಾ ನೋಡಲಿಲ್ಲ" ಎಂದು ನಕ್ಕಳು. ನಕ್ಕಾಗ ಕಣ್ಣು ಪೂರಾ ಮುಚ್ಚಿತು.

ಮೂರನೇ ದಿನ ಅದೇ ಪಡಸಾಲೆಯಲ್ಲಿ ಅದೇ ಜನ ಕೂಡಿದರು. ಮೂರು ಬಿದ್ದವೆಂದು ಮಾವ ಒಪ್ಪಿಕೊಂಡ. ಪುರಾಣದಜ್ಜ ಅಕ್ಕನ ಮುಖ ನೋಡಿ, "ಮುಗೀತು ಹಂಗಾರ. ಕರಾರು ಕರಾರ" ಎಂದರು. ಅಪ್ಪ ನೆಲ ನೋಡುತ್ತ ಕುಳಿತಿದ್ದ. ಅಷ್ಟರಲ್ಲಿ ಮಾವನ ದೊಡ್ಡಪ್ಪ, "ಪುಸ್ತಕದಾಗ ಇದ್ದಂಗ ಅಂತಲ್ರಿ ಮಾತಾಗಿದ್ದು? ಏನೈತಿ ಅಂತ ಒಮ್ಮೆ ಓದಿಸ್ರಿ. ಹೋದ ಸಲ ಬರೇ ಬಾಯಿ ಮಾತಾತು" ಎಂದ. ಅಜ್ಜ ಒಪ್ಪಿದರು. ಅವ್ವ ವಸ್ತ್ರ ಬಿಚ್ಚಿ ಪುಸ್ತಕ ತಂದುಕೊಟ್ಟಳು.

ನಾನು ಜಳಕ ಮಾಡಿ, ಹೆರಳು ಹಾಕಿಕೊಂಡು ಬಂದು ನಿಂತಿದ್ದೆ. ಜೀವಮಾನದಲ್ಲಿ ಅಷ್ಟು ಜನ ಗಂಡಸರು ಸುಮ್ಮನೆ ಕುಳಿತು ನನ್ನ ಮುಖ ನೋಡಿದ್ದು ಅದೇ ಮೊದಲು. ಮೊದಲು ಇಂಗ್ಲಿಷಿನಲ್ಲಿ ಓದಿದೆ. ಮಂತ್ರ ಕೇಳಿದವರ ಹಾಗೆ ತಲೆ ಆಡಿಸಿದರು. ಆಮೇಲೆ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳತೊಡಗಿದೆ.

ಕೆರೆಯಾಕೆಯ ಅಪ್ಪನ ಮಾತು ಪುಸ್ತಕದಲ್ಲಿ ಬರೀ ಮೂರು ಪೆಟ್ಟು ಎಂದು ಇರಲಿಲ್ಲ. ಪೆಟ್ಟಿನ ಹಿಂದೆ ಇನ್ನೊಂದು ಶಬ್ದವಿತ್ತು, ಕಾರಣವಿಲ್ಲದ ಎಂದು. ಅದನ್ನು ನಾನು ಡಿಕ್ಷನರಿಯಲ್ಲಿ ನೋಡಿ ಬರೆದಿಟ್ಟುಕೊಂಡಿದ್ದೆ. ಅಕ್ಕನಿಗೆ ಹೇಳುವಾಗ ಬಿಟ್ಟಿದ್ದೆ. ಮೊದಲ ಸಲ ಮರೆತು ಬಿಟ್ಟಿರಬಹುದು. ಆಮೇಲೆ ಬೇಕೆಂದೇ ಬಿಟ್ಟೆ, ಯಾಕೆಂದರೆ ಆ ಶಬ್ದ ಇಲ್ಲದೆ ಕೇಳುವಾಗ ಅಕ್ಕನ ಮುಖ ಚೆಂದ ಆಗುತ್ತಿತ್ತು. ಈಗ ನನ್ನ ಬೆರಳು ಆ ಶಬ್ದದ ಕೆಳಗೆ ಬಂದು ನಿಂತಿತ್ತು. ಆ ಪಡಸಾಲೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೂ ಇರಲಿಲ್ಲ. ನಾನು ಏನು ಹೇಳಿದ್ದರೂ ಅದೇ ಪುಸ್ತಕ. ಹಾರಿಸಿಬಿಡಬಹುದಿತ್ತು. ಆದರೆ ಭಾಷಾಂತರದಲ್ಲಿ ಒಂದು ಶಬ್ದ ಬಿಟ್ಟರೂ ಅರ್ಧ ಮಾರ್ಕು ಕಟ್ ಎಂದು ನಮ್ಮ ಸರ್ ಕಲಿಸಿದ್ದರು. ದೇವರ ಮಾಡದಿಂದ ತಂದ ಪುಸ್ತಕ. ಹಿರಿಯರು ಕಿವಿಗೊಟ್ಟು ಕುಳಿತಿದ್ದಾರೆ. ಅದಕ್ಕಿಂತ ಮೇಲಾಗಿ, ಅದು ನನ್ನ ಪುಸ್ತಕ. ಅದರ ಒಂದಕ್ಷರವನ್ನೂ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. "ಕಾರಣ ಇಲ್ಲದ ಮೂರು ಪೆಟ್ಟು" ಎಂದು ಓದಿದೆ.

"ಏನಂದಿ? ಇನ್ನೊಮ್ಮೆ ಹೇಳು" ಎಂದ ಮಾವನ ದೊಡ್ಡಪ್ಪ.

ಇನ್ನೊಮ್ಮೆ ಹೇಳಿದೆ. ಮೊದಲಿಗಿಂತ ಗಟ್ಟಿಯಾಗಿ ಹೇಳಿದೆ.

"ಕೇಳಿದ್ರೆಲ್ಲರಿ? ಕಾರಣ ಇಲ್ಲದ್ದು! ಪಲ್ಯ ಉಪ್ಪಾಗಿತ್ತು, ಕಾರಣ ಆತು. ಗಂಡಸರ ಮುಂದ ಕಿಸಿದ್ಲು, ಕಾರಣ ಆತು. ದಣದು ಬಂದವಗ ಬಾಗಲದಾಗ ನಿಂತು ತೂಕ ಕೇಳತಾಳ. ಇದರ ಮ್ಯಾಲೆ ಕಾರಣ ಏನ ಬೇಕ್ರಿ?"

ಏನು ಮಾಡಿದೆನೆಂದು ನನಗೆ ಆಗ ತಿಳಿಯಿತು. "ಹಂಗಲ್ರಿ!" ಎಂದು ಕೂಗಿದೆ. "ಪುಸ್ತಕದಾಗ ಆಕಿ ಸತ್ತವರ ಮನ್ಯಾಗ ನಕ್ಕಿದ್ಲು, ಬರೇ ತೋಳು ಹಿಡದ್ನ್ರಿ, ಅದನ್ನೂ ಲೆಕ್ಕಾ ಹಿಡದಾರ್ರಿ!" ಪುಟ ತಿರುವಲು ಹೋದೆ, ಅವಸರದಲ್ಲಿ ಆ ಪುಟ ಸಿಗಲಿಲ್ಲ.

"ಆಕಿ ಕೆರಿ ಹೆಣ್ಮಗಳು, ತಂಗಿ. ಇಕಿ ನಮ್ಮ ಮನಿ ಸೊಸಿ" ಎಂದ ಅವನು. ಸಿಟ್ಟಿನಿಂದಲ್ಲ, ತಿಳಿಹೇಳುವವರ ಹಾಗೆ.

ಪುರಾಣದಜ್ಜ ನನ್ನ ಕಡೆ ತಿರುಗಿದರು. "ಹಂಗ ಬರದೈತೇನವಾ?" ಎಂದು ಮೆಲ್ಲಗೆ ಕೇಳಿದರು. ಆಗಲೂ ಇಲ್ಲ ಎನ್ನಬಹುದಿತ್ತು. ಅಜ್ಜ ಅದಕ್ಕಾಗಿಯೇ ಕೇಳಿದರೆಂದು ನನಗೀಗ ಅನಿಸುತ್ತದೆ. "ಹೌದ್ರಿ" ಎಂದೆ. "ಹಂಗಾರ ನಾ ಏನ ಮಾಡ್ಲಿ? ಪುಸ್ತಕದಾಗ ಇದ್ದಂಗ ಅಂದಾವ ನಾನ" ಎಂದು ಅವರು ಎದ್ದು, ಎಲೆ ಅಡಿಕೆ ಮುಟ್ಟದೆ ಮನೆಗೆ ಹೋದರು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಹೇಳುವುದಕ್ಕೆ ಹೆಚ್ಚಿಲ್ಲ. ಅಕ್ಕ ಹೋದಳು. ಮತ್ತೆ ತಾನಾಗಿ ಬರಲಿಲ್ಲ. ಹಬ್ಬಕ್ಕೆ ಕರೆದರೆ ಬಂದು, ಮಜ್ಜಿಗೆ, ಹಪ್ಪಳದ ಮಾತಾಡಿ ಹೋಗುತ್ತಿದ್ದಳು. ಎಡಗಣ್ಣು ಮಂಜಾಯಿತು. ನಾಲ್ಕು ವರ್ಷಕ್ಕೆ ನನ್ನ ಲಗ್ನವಾಯಿತು. ಹೆಣ್ಣುಮಕ್ಕಳು ಗಂಡನ ಮನೆ ಬಿಡದ ಮನೆತನ ಎಂದೇ ಬೀಗರು ಒಪ್ಪಿದ್ದು. ನನ್ನ ಗಂಡ ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿಲ್ಲ, ಅದನ್ನು ಅಕ್ಕನ ಮುಂದೆ ಹೇಳುವ ಧೈರ್ಯ ನನಗೆ ಬಂದಿಲ್ಲ. ಪುಸ್ತಕ ನನ್ನ ಹತ್ತಿರವೇ ಇದೆ. ಅದನ್ನು ಸುಡಬೇಕಿತ್ತು. ಸುಡಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಓದುತ್ತೇನೆ, ಈಗಲೂ ಅಷ್ಟೇ ಇಷ್ಟವಾಗುತ್ತದೆ. ನನ್ನ ಬಗ್ಗೆ ನನಗೆ ಹೇಸಿಗೆ ಎನಿಸುವುದು ಅಲ್ಲಿಯೇ.

ಅವತ್ತು ಹಿರಿಯರು ಎದ್ದ ಮೇಲೆ ನಾನು ಒಳಗೆ ಹೋದೆ. ಅಕ್ಕ ಸೀರೆ ಮಡಿಚಿ ಗಂಟು ಕಟ್ಟುತ್ತಿದ್ದಳು. ಅಳುತ್ತಿರಲಿಲ್ಲ. ಹೊರಗೆ ಎತ್ತು ಹೂಡುವ ಸಪ್ಪಳ ಕೇಳುತ್ತಿತ್ತು.

"ನನಗ ಹೇಳೂ ಮುಂದ ಆ ಮಾತು ಇರಲಿಲ್ಲಲ್ಲ" ಎಂದಳು.

"ಪುಸ್ತಕದಾಗ ಇತ್ತು ಅಕ್ಕಾ. ನಾನ ಬಿಟ್ಟಿದ್ದೆ."

"ಯಾಕ?"

"ನಿನಗ ಛಲೋ ಅನಸಲಿ ಅಂತ."

ಅಕ್ಕ ಗಂಟಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದಳು. ಆಮೇಲೆ ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. "ನನಗ ಸುಳ್ಳು ಹೇಳಾಕ ಬರತಿತ್ತು ನಿನಗ. ಅವರಿಗೆ ಹೇಳಾಕ ಬರಲಿಲ್ಲೇನ?"

ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾದಳು. ಹೊರಗಿನಿಂದ ಅಪ್ಪ ಹೊತ್ತಾತು ಎಂದು ಕೂಗಿದ. ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನನ್ನು ದಾಟಿ ಹೋಗಿ ಚಕ್ಕಡಿ ಹತ್ತಿದಳು.